ಕಲಾವತಿಯ ಖಾನಾವಳಿ

"ಎಡಕ್ಕೆ ತಿರುಗಿ," ಎಂದಿತು ನೀಲಗಂಗಮ್ಮನ ಮುಂಗೈಗೆ ಕಟ್ಟಿದ್ದ ಪಟ್ಟಿ. ಬೆಳಗಿನಿಂದ ಇದು ಹನ್ನೊಂದನೆಯ ಸಲ. ನಾಲ್ಕು ಸಲ ಎಡಕ್ಕೆ ತಿರುಗಿದರೆ ಹೊರಟಲ್ಲಿಗೇ ಬಂದು ನಿಲ್ಲುತ್ತೇವೆಂಬುದು ಅಷ್ಟು ಜಾಣ ಯಂತ್ರಕ್ಕೆ ತಿಳಿಯದ್ದೇನಲ್ಲ. ಆದರೂ ಚಿಕ್ಕಪೇಟೆ ಬಿಟ್ಟು ಆಚೆಗೆ ಒಂದು ಹೆಜ್ಜೆ ಇಡಿಸಲು ಅದು ಒಪ್ಪುತ್ತಿರಲಿಲ್ಲ.

ಆ ಪಟ್ಟಿಯ ಹೆಸರು ಹಂಬಲಸೂಚಿ. ಬೆಂಗಳೂರಿಗೆ ಬಂದಿಳಿದ ಪ್ರವಾಸಿಗರೆಲ್ಲ ಅದನ್ನು ಬಾಡಿಗೆಗೆ ಪಡೆದು ಕಟ್ಟಿಕೊಳ್ಳುವ ಕಾಲ ಅದು. ಕಟ್ಟಿಕೊಂಡ ಕೂಡಲೇ ಯಂತ್ರವು ತಿಂಡಿಗಳ, ಅಂಗಡಿಗಳ, ಬಡಾವಣೆಗಳ ಹೆಸರುಗಳನ್ನು ಒಂದೊಂದಾಗಿ ಪಿಸುಗುಟ್ಟುತ್ತದೆ. ಯಾವ ಹೆಸರಿಗೆ ನಾಡಿ ಜಿಗಿಯುತ್ತದೋ ಅಲ್ಲಿಗೆ ಕರೆದೊಯ್ಯುತ್ತದೆ. ಬೆಣ್ಣೆದೋಸೆ ಬೇಕಾದವರಿಗೆ ಬೆಣ್ಣೆದೋಸೆ, ಮಹಡಿಯ ಮೇಲಿನ ಹಾಡು ಕುಣಿತ ಬೇಕಾದವರಿಗೆ ಹಾಡು ಕುಣಿತ. ಬಾಯಿಬಿಟ್ಟು ಕೇಳಬೇಕಾದ್ದಿಲ್ಲ. ನಾಚಿಕೆ ಸ್ವಭಾವದವರಿಗೆ ದೊಡ್ಡ ಉಪಕಾರವಾಗಿತ್ತು.

ಗುಳೇದಗುಡ್ಡದ ರವಿಕೆ ಖಣದ ವ್ಯಾಪಾರಿ ಸಂಗನಬಸಪ್ಪ ಮೂವತ್ತು ವರ್ಷಗಳಿಂದ ವರ್ಷಕ್ಕೊಮ್ಮೆ ಎಂಟು ದಿನ ಬೆಂಗಳೂರಿಗೆ ಬಂದು ಹೋಗುತ್ತಿದ್ದರು. ಹೆಂಡತಿಯನ್ನು ಕರೆತಂದದ್ದು ಇದೇ ಮೊದಲು. ಎಲ್ಲರೂ ಹೊಗಳುವ ಗಾಂಧಿಬಜಾರಿನ ದೋಸೆ, ನಲವತ್ತನೆಯ ಅಂತಸ್ತಿನಲ್ಲಿ ನಿಧಾನವಾಗಿ ಸುತ್ತುವ ಹೋಟೆಲು, ಸಂಜೆ ತೂಗುಬಂಡಿಯಲ್ಲಿ ಕೂತು ಊರ ದೀಪ ನೋಡುವುದು, ಎಲ್ಲವನ್ನೂ ಯೋಚಿಸಿಟ್ಟಿದ್ದರು.

"ದೋಸಿ ತಿನ್ನೂಣ ನಡಿ, ನೀಲಾ."

"ದೋಸಿ ಎಲ್ಲಿಗೂ ಓಡಿ ಹೋಗೂದಿಲ್ಲ," ಎಂದು ನೀಲಗಂಗಮ್ಮ ಸಿಕ್ಕ ಸಿಕ್ಕ ಹೋಟೆಲಿನ ಅಡುಗೆಮನೆಗೆ ಇಣುಕುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಕಲಾವತಿಯನ್ನು.

ಮೊದಲ ವರ್ಷ ಬೆಂಗಳೂರಿನಿಂದ ಬಂದ ಗಂಡ, ಅತ್ತೆಯ ಎದುರಿಗೇ ಊಟಕ್ಕೆ ಕೂತು, "ಚಿಕ್ಕಪೇಟ್ಯಾಗ ಕಲಾವತಿ ಅಂತ ಒಬ್ಬಾಕಿ ಖಾನಾವಳಿ ಇಟ್ಟಾಳ. ಆಕಿ ರೊಟ್ಟಿ ಅಂದ್ರ ಹಾಳಿ ಹಂಗ," ಎಂದಿದ್ದರು. ಹೊಸದಾಗಿ ಮದುವೆಯಾಗಿ ಬಂದಿದ್ದ ನೀಲಗಂಗಮ್ಮನ ಹೊಟ್ಟೆಯಲ್ಲಿ ಅಂದು ಹತ್ತಿದ ಕಿಚ್ಚು ಆರಲೇ ಇಲ್ಲ. ಮರುವರ್ಷ ಪ್ರಯಾಣಕ್ಕೆ ಬುತ್ತಿ ಕಟ್ಟುವಾಗ ಗರಿಗರಿ ಕಟಕ್ ರೊಟ್ಟಿಯನ್ನು ಇನ್ನೂ ತೆಳ್ಳಗೆ ಬಡಿದರು. ಗಂಡ ಬಂದು, ಕಲಾವತಿಯ ರೊಟ್ಟಿ ಈ ಸಲ ಇನ್ನೂ ತೆಳ್ಳಗೆ ಎಂದರು. ರೊಟ್ಟಿಗೆ ಕರಿ ಎಳ್ಳು ಹಚ್ಚಿದ ವರ್ಷ ಕಲಾವತಿಯೂ ಎಳ್ಳು ಹಚ್ಚಿದಳು. ಶೇಂಗಾ ಚಟ್ನಿಗೆ ಅಗಸಿ ಬೆರೆಸಿದ ವರ್ಷ ಅವಳೂ ಅಗಸಿ ಬೆರೆಸಿದಳು. ಕಾಣದ ಆ ಹೆಂಗಸು ತನ್ನ ಒಲೆಯ ಮುಂದೆಯೇ ಕೂತು ಕದ್ದು ಕಲಿಯುತ್ತಿದ್ದಾಳೆಂದು ನೀಲಗಂಗಮ್ಮ ಮೂವತ್ತು ವರ್ಷ ಹಲ್ಲು ಕಡಿದರು.

ಎರಡು ದಿನ ಚಿಕ್ಕಪೇಟೆ ಸುತ್ತಿ ಕಾಲು ಸೋತ ಸಂಗನಬಸಪ್ಪ ಮೂರನೆಯ ದಿನ ಹೆಂಡತಿಯನ್ನು ಹಂಬಲಸೂಚಿ ರೂಪಿಸಿದ ವಿಜ್ಞಾನಿ ಡಾ. ಯಾಮಿನಿಯ ಬಳಿಗೆ ಕರೆತಂದರು. "ಯಂತ್ರ ಕೆಟ್ಟೈತ್ರಿ. ಬ್ಯಾರೇದು ಕೊಡ್ರಿ."

ಜೇನುಗೂಡಿಗೆ ತಾವೇ ಕೈ ಹಾಕಿದ್ದು ಪಾಪ ಅವರಿಗೆ ತಿಳಿಯಲಿಲ್ಲ. ಯಾಮಿನಿ ತೆರೆಯ ಮೇಲೆ ನಾಡಿರೇಖೆಯನ್ನು ನೋಡಿದರು. ನೀಲಗಂಗಮ್ಮನಿಂದ ಖಾನಾವಳಿಯ ಹೆಸರು ಕೇಳಿ, ಊರಿನ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿದರು.

"ಯಂತ್ರ ಸರಿಯಾಗೇ ಇದೆ. ಆದ್ರೆ ಚಿಕ್ಕಪೇಟೆಯಲ್ಲಿ ಐವತ್ತು ವರ್ಷದಿಂದ ಕಲಾವತಿ ಅನ್ನೋರ ಖಾನಾವಳಿ ಇರ್ಲೇ ಇಲ್ಲಮ್ಮ. ಒಂದು ತಪ್ಪು ನಮ್ದು. ಆಸೆಗೆ ನಾಡಿ ಜಿಗಿಯುತ್ತೆ ಅಂತ ಲೆಕ್ಕ ಹಾಕಿದ್ವಿ. ಹೊಟ್ಟೆಕಿಚ್ಚಿಗೂ ಅಷ್ಟೇ ಜಿಗಿಯುತ್ತೆ ಅಂತ ಹೊಳೀಲಿಲ್ಲ. ಯಂತ್ರಕ್ಕೆ ಎರಡೂ ಒಂದೇ."

ನೀಲಗಂಗಮ್ಮ ಗಂಡನ ಕಡೆ ತಿರುಗಿದರು. "ಖಾನಾವಳಿ ಇರಲಿಲ್ಲಂದ್ರ, ಆಕಿ ಮನ್ಯಾಗ ಉಣ್ತಿದ್ರೇನ್ರಿ?"

ಮೂವತ್ತು ವರ್ಷದ ಸಂಸಾರ ಆ ಒಂದು ಪ್ರಶ್ನೆಗೆ ಬಂದು ನಿಂತಿತ್ತು. ಸಂಗನಬಸಪ್ಪ ತಲೆ ತಗ್ಗಿಸಿದರು.

"ಯಾರ ಮನಿಗೂ ಹೋಗಿಲ್ಲ. ಇಲ್ಲಿ ಊಟ ನನಗ ಸೇರ್ತಿರಲಿಲ್ಲ. ಎಂಟೂ ದಿನ ಲಾಡ್ಜಿನ ಕೋಣ್ಯಾಗ ಬಾಗಲಾ ಹಾಕ್ಕೊಂಡು ನೀ ಕಟ್ಟಿದ ಬುತ್ತೀನ ತಿಂದೀನಿ. ಅವ್ವನ ಮುಂದ ಹೆಂಡತಿ ರೊಟ್ಟಿ ಹೊಗಳೂದು ಹೆಂಗ? ಹೊಗಳದ ಇರಾಕೂ ಆಗಲಿಲ್ಲ. ಅದಕ್ಕ ಬ್ಯಾರೆ ಹೆಸರಿಟ್ಟು ಹೊಗಳಿದೆ. ಅವ್ವ ಹೋದ ಮ್ಯಾಲೆ ಖರೇ ಹೇಳೂಣಂದ್ರ ನಾಚಿಕಿ ಬಂತು."

ಎಳ್ಳು, ಅಗಸಿ, ಹಾಳೆಯಂಥ ರೊಟ್ಟಿ, ಒಂದೊಂದೇ ಹೊಗಳಿಕೆ ಮೂವತ್ತು ವರ್ಷ ತಡವಾಗಿ ನೀಲಗಂಗಮ್ಮನನ್ನು ಬಂದು ಮುಟ್ಟುತ್ತಿತ್ತು. ಕಣ್ಣು ತುಂಬಿದವು.

"ನನ್ನ ರೊಟ್ಟಿ ಮ್ಯಾಲೆ ನಾನ ಹೊಟ್ಟಿಕಿಚ್ಚು ಪಟ್ಟೆ," ಎಂದರು.

ತೆರೆಯ ಮೇಲಿನ ನಾಡಿರೇಖೆ ಮೂರು ದಿನಗಳಲ್ಲಿ ಮೊದಲ ಬಾರಿಗೆ ಇಳಿದು ಸಮವಾಯಿತು. ಸಂಗನಬಸಪ್ಪ ನಿಟ್ಟುಸಿರುಬಿಟ್ಟು, "ಈಗರ ದೋಸಿ ತಿನ್ನೂಣೇನು?" ಎಂದು ಎದ್ದರು.

ನೀಲಗಂಗಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು. ಬಾಗಿಲವರೆಗೆ ನಡೆದು ನಿಂತರು.

"ಅಲ್ರಿ, ಹೆಸರಿಡಬೇಕಂದ್ರ ಊರಾಗ ಸಾವಿರ ಹೆಸರು ಅದಾವ. ಕಲಾವತಿ ಅಂತನ ಯಾಕ ಇಟ್ರಿ?"

ಸಂಗನಬಸಪ್ಪ ಜೇಬಿನಲ್ಲಿ ಕನ್ನಡಕ ಹುಡುಕತೊಡಗಿದರು. ಕನ್ನಡಕ ಮೂಗಿನ ಮೇಲೆಯೇ ಇತ್ತು. ತೆರೆಯ ಮೇಲೆ ರೇಖೆ ಮತ್ತೆ ಏರತೊಡಗಿದ್ದನ್ನು ಕಂಡ ಯಾಮಿನಿ ಮೆಲ್ಲನೆ ಒಳಕೋಣೆಗೆ ಸರಿದರು.

"ಎಡಕ್ಕೆ ತಿರುಗಿ," ಎಂದಿತು ಪಟ್ಟಿ. ಎಡಕ್ಕೆ ನಿಂತಿದ್ದವರು ಸಂಗನಬಸಪ್ಪ.