ಹದಿನೇಳರ ಜಾಗ ಖಾಲಿ

ಬೆಳಗ್ಗೆ ಎಂಟೂಮುಕ್ಕಾಲಕ್ಕೆ ಠಾಣೆಗೆ ಬಂದ ಮೆಕ್ಯಾನಿಕ್‌ಗೆ ಕೂತು ಮಾತಾಡುವಷ್ಟೂ ಸಮಾಧಾನವಿರಲಿಲ್ಲ. ಗ್ಯಾರೇಜಿನಲ್ಲಿದ್ದ ಅವನ ಟೂಲ್ ಪೆಟ್ಟಿಗೆ ರಾತ್ರೋರಾತ್ರಿ ಕಳವಾಗಿತ್ತು. ಎದೆಯೆತ್ತರದ, ಏಳು ಡ್ರಾಯರಿನ, ಚಕ್ರವಿರುವ ಉಕ್ಕಿನ ಪೆಟ್ಟಿಗೆ. ಬೆಲೆ ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟ. ಹೇಳಿದ್ದು ಒಳಗಿನ ಸಾಮಾನಿನ ಬೆಲೆಯಲ್ಲ, ಬರೀ ಪೆಟ್ಟಿಗೆಯದು. ಆ ದುಡ್ಡಿಗೆ ಒಳ್ಳೆಯ ಸ್ಕೂಟರೇ ಬರುತ್ತಿತ್ತು.

ಇವನಿಗೇನು ತಲೆ ಕೆಟ್ಟಿದೆಯೇ ಎಂದು ಇನ್ಸ್‌ಪೆಕ್ಟರಮ್ಮನಿಗೂ ಅನಿಸಿತು. ಅನಿಸಿದ್ದನ್ನು ನುಂಗಿಕೊಂಡು, ಇಷ್ಟು ಖರ್ಚು ಯಾಕೆಂದು ನೆಟ್ಟಗೆ ಕೇಳಿದಳು.

"ಒಂದೊಂದು ಸ್ಪ್ಯಾನರಿಗೂ ಅದರದ್ದೇ ಜಾಗ ಕೊರೆದಿದೆ ಮೇಡಂ. ಸಂಜೆ ಡ್ರಾಯರ್ ಮುಚ್ಚೋ ಮುಂಚೆ ಕಣ್ಣಾಡಿಸ್ತೀನಿ. ಒಂದು ಜಾಗ ಖಾಲಿ ಇದ್ರೆ, ಯಾರದೋ ಗಾಡಿಯೊಳಗೆ ಬಿಟ್ಟಿದೀನಿ ಅಂತಾನೇ ಅರ್ಥ. ನಿನ್ನೆ ನೋಡ್ಲಿಲ್ಲ."

ಮಗಳಿಗೆ ಜ್ವರವೆಂದು ಮನೆಯಿಂದ ಫೋನ್ ಬಂದಾಗ, ಡ್ರಾಯರುಗಳನ್ನು ದಡಬಡ ತಳ್ಳಿ ಓಡಿದ್ದ. ನಿನ್ನೆ ಅವನು ಕೈ ಹಾಕಿದ್ದು ಒಂದೇ ಗಾಡಿಗೆ, ಅದೂ ಆಂಬುಲೆನ್ಸ್. ಬೆಳಗ್ಗೆ ಪೆಟ್ಟಿಗೆ ಕಾಣದಾದಾಗ ಮೊದಲು ನೆನಪಾದದ್ದು ಆಂಬುಲೆನ್ಸೇ. ಯಾವುದಾದರೂ ಜಾಗ ಖಾಲಿಯಿದೆಯೇ ಎಂದು ನೋಡಲು ಈಗ ಪೆಟ್ಟಿಗೆಯೇ ಇರಲಿಲ್ಲ. ಡ್ರೈವರಿಗೆ ಎಷ್ಟು ಸಲ ಫೋನ್ ಮಾಡಿದರೂ ಸ್ವಿಚ್ ಆಫ್. ಪೆಟ್ಟಿಗೆ ಹೋದರೆ ಹೋಗಲಿ, ಆ ಗಾಡಿ ನಿಲ್ಲಿಸಿ ಎಂದು ಕೈಮುಗಿದ.

ಇನ್ಸ್‌ಪೆಕ್ಟರ್ ಎಫ್‌ಐಆರ್‌ಗೆ ಹೇಳಿ, ಒಬ್ಬ ಕಾನ್‌ಸ್ಟೇಬಲ್‌ನನ್ನು ಡ್ರೈವರನ ಮನೆಗೆ ಓಡಿಸಿದಳು. ತಾನು ಸಾಕ್ಷಿಗೆಂದು ಪಂಚರನ್ನು ಕರೆದುಕೊಂಡು ಗ್ಯಾರೇಜಿಗೆ ಹೋದಳು. ಬೀಗ ಒಡೆದಿರಲಿಲ್ಲ. ಬೀಗದ ಕೈ ಐದು ಜನರ ಬಳಿ ಇತ್ತು. ಎಣ್ಣೆ ಹಿಡಿದ ನೆಲದ ಮೇಲೆ ಚಕ್ರದ ಗೆರೆಗಳು ಹಿಂಬಾಗಿಲ ತನಕ ಬಂದು, ಡಾಂಬರು ಸಿಕ್ಕ ಕೂಡಲೇ ಮಾಯವಾಗಿದ್ದವು. ಪಂಚನಾಮೆಯಲ್ಲಿ ಬರೆಯಲು ಅಷ್ಟೇ ಇತ್ತು. ಯಾರ ಮೇಲಾದರೂ ಅನುಮಾನವಿದೆಯೇ ಎಂದರೆ ಮೆಕ್ಯಾನಿಕ್ ಇಲ್ಲವೆಂದು ತಲೆಯಾಡಿಸಿಬಿಟ್ಟ. ಎಲ್ಲರೂ ಒಟ್ಟಿಗೆ ಕೂತು ಉಣ್ಣುವವರು, ಯಾರ ಹೆಸರು ಹೇಳಲಿ ಎಂದ.

ಅಷ್ಟರಲ್ಲಿ ಕಾನ್‌ಸ್ಟೇಬಲ್ ಫೋನ್ ಮಾಡಿದ. ಆಂಬುಲೆನ್ಸಿಗೆ ಏನೂ ಆಗಿರಲಿಲ್ಲ. ಡ್ರೈವರ್ ಪಾಳಿ ಮುಗಿಸಿ, ಮೊಬೈಲು ಆಫ್ ಮಾಡಿ ಗೊರಕೆ ಹೊಡೆಯುತ್ತಿದ್ದನಂತೆ. ಮೆಕ್ಯಾನಿಕ್ ಅಲ್ಲೇ ಟೈರಿನ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಇನ್ಸ್‌ಪೆಕ್ಟರಿಗೂ ಹೋದ ಜೀವ ಬಂದಂತಾಯಿತು.

"ಇನ್ನೊಂದು ವಿಷಯ ಮೇಡಂ," ಎಂದ ಕಾನ್‌ಸ್ಟೇಬಲ್. "ಬೆಳಗಾಗೋ ಮುಂಚೆಯೇ ಯಾರೋ ಇವನಿಗೆ ಫೋನ್ ಮಾಡಿದ್ರಂತೆ. ಗಾಡಿ ಶುರು ಮಾಡಬೇಡ, ಬಾನೆಟ್ ಎತ್ತಿ ಹದಿನೇಳರ ಸೈಜಿನ ಸ್ಪ್ಯಾನರ್ ಹುಡುಕು ಅಂದ್ರಂತೆ. ನೋಡಿದ್ರೆ ಸ್ಟೇರಿಂಗ್ ರಾಡ್ ಪಕ್ಕ ಸಿಕ್ಕಿಕೊಂಡಿತ್ತಂತೆ. ಹಾಗೇ ಓಡಿಸಿದ್ರೆ ತಿರುವಲ್ಲಿ ಸ್ಟೇರಿಂಗೇ ತಿರುಗ್ತಿರ್ಲಿಲ್ವಂತೆ. ಆಮೇಲೇ ಒಬ್ಬ ಬಸುರಿಯನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದಾನೆ."

ಹದಿನೇಳರ ಜಾಗ ಖಾಲಿಯಿದೆ ಎಂದು ಯಾರಿಗೆ ಗೊತ್ತಿರಲು ಸಾಧ್ಯ? ಪೆಟ್ಟಿಗೆ ಯಾರ ಹತ್ತಿರ ಇದೆಯೋ ಅವನಿಗೆ ಮಾತ್ರ. ಇನ್ಸ್‌ಪೆಕ್ಟರ್ ಆ ನಂಬರು ತರಿಸಿಕೊಂಡು ಮೆಕ್ಯಾನಿಕ್‌ನ ಮುಂದೆ ಹಿಡಿದಳು. ಅವನು ಅದನ್ನು ನೋಡಿದ, ನೆಲ ನೋಡಿದ, ಮತ್ತೆ ಅದನ್ನೇ ನೋಡಿದ.

"ನಮ್ಮ ಗೋಣಿದು," ಎಂದ ಕೊನೆಗೆ.

ಪಕ್ಕದಲ್ಲೇ ಕೆಲಸ ಮಾಡುವ ಹಳೆಯ ಮೆಕ್ಯಾನಿಕ್. ಸಾಮಾನೆಲ್ಲ ಗೋಣಿಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದುದರಿಂದ ಆ ಹೆಸರೇ ಅಂಟಿಕೊಂಡಿತ್ತು. ಬೇಕಾದ್ದು ಸಿಗಲು ಚೀಲವನ್ನು ನೆಲಕ್ಕೆ ಸುರಿಯಬೇಕು, ಸುರಿದಾಗಲೆಲ್ಲ ಗ್ಯಾರೇಜಿಗೆ ಗ್ಯಾರೇಜೇ ನಗುತ್ತಿತ್ತು. ಅವನೂ ಜೊತೆಗೂಡಿ ನಗುತ್ತಿದ್ದ.

ಅವನ ಮನೆಯ ಒಂದೇ ಕೋಣೆಯಲ್ಲಿ, ಮಂಚದ ಪಕ್ಕ, ಹೊದಿಕೆ ಹೊದ್ದು ಪೆಟ್ಟಿಗೆ ನಿಂತಿತ್ತು. ಗೋಣಿ ಓಡಲಿಲ್ಲ, ಸುಳ್ಳೂ ಹೇಳಲಿಲ್ಲ. ಮೂರನೆಯ ಡ್ರಾಯರನ್ನು ತಾನೇ ಎಳೆದು ಖಾಲಿ ಜಾಗ ತೋರಿಸಿದ.

"ಯಾಕೆ ಕದ್ದೆ?"

"ದೊಡ್ಡ ವರ್ಕ್‌ಶಾಪಲ್ಲಿ ಕೆಲಸ ಸಿಕ್ಕಿತ್ತು. ಸ್ವಂತ ಪೆಟ್ಟಿಗೆ ಇದ್ದವರಿಗೆ ಮಾತ್ರ ಅಂದ್ರು. ಈ ವಯಸ್ಸಲ್ಲಿ ಚೀಲ ಹೊತ್ಕೊಂಡು ಹೋಗೋಕೆ ನಾಚಿಕೆ ಆಯ್ತು ಮೇಡಂ."

"ಫೋನ್ ಮಾಡಿದ್ರೆ ಸಿಕ್ಕಿಬೀಳ್ತೀಯ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ಜಾಗ ಖಾಲಿ ಕಂಡ್ಮೇಲೆ ಹೇಗೆ ಸುಮ್ನಿರೋದು?"

ಪೆಟ್ಟಿಗೆ ಜಪ್ತಿಯಾಯಿತು, ದಸ್ತಗಿರಿಯೂ ಆಯಿತು. ದೂರು ವಾಪಸು ತೆಗೆದುಕೊಳ್ಳುತ್ತೇನೆಂದು ಮೆಕ್ಯಾನಿಕ್ ಠಾಣೆಯಲ್ಲಿ ಹಟ ಹಿಡಿದ. ಅದೀಗ ತನ್ನ ಕೈಯಲ್ಲಿಲ್ಲ, ಕೋರ್ಟಿನಲ್ಲಿ ಹೇಳಿಕೋ ಎಂದಳು ಇನ್ಸ್‌ಪೆಕ್ಟರ್. ಆದರೆ ಆ ಫೋನ್ ಕರೆಯ ವಿಷಯವನ್ನು ಕೋರ್ಟಿಗೆ ಕೊಡುವ ರಿಮ್ಯಾಂಡ್ ವರದಿಯಲ್ಲಿ ಒಂದಕ್ಷರ ಬಿಡದೆ ಬರೆಸಿದಳು. ಕಳ್ಳನೊಬ್ಬನಿಗೆ ಮನಸ್ಸಿನಲ್ಲೇ ಕೃತಜ್ಞತೆ ಹೇಳಿಕೊಂಡದ್ದು ಅವಳ ಸರ್ವಿಸಿನಲ್ಲಿ ಅದೇ ಮೊದಲು.

ಕೋರ್ಟಿಗೆ ಕರೆದೊಯ್ಯುವ ಮುಂಚೆ ಮೆಕ್ಯಾನಿಕ್ ಗೋಣಿಯ ಎರಡೂ ಕೈ ಹಿಡಿದುಕೊಂಡ.

"ನನ್ನ ತಪ್ಪಿಗೆ ಎರಡು ಜೀವ ಹೋಗ್ತಿತ್ತು ಕಣಣ್ಣಾ. ನೀನು ಉಳಿಸಿದೆ. ಜಾಮೀನಿಗೆ ನಾನೇ ನಿಲ್ತೀನಿ. ಕೆಳಗಿನ ಎರಡು ಡ್ರಾಯರ್ ಇನ್ಮೇಲೆ ನಿನ್ನದು."

ಅಲ್ಲಿಯ ತನಕ ಕಣ್ಣು ಒದ್ದೆ ಮಾಡಿಕೊಳ್ಳದಿದ್ದ ಗೋಣಿ ಗಳಗಳ ಅತ್ತುಬಿಟ್ಟ. ಜೀಪು ಕಾಯುತ್ತಿದ್ದರೂ ಅವಸರಪಡಿಸಬೇಡಿ ಎಂದು ಇನ್ಸ್‌ಪೆಕ್ಟರ್ ಕೈಸನ್ನೆ ಮಾಡಿದಳು.