ಚಿಕ್ಕಬೋರಮ್ಮನಿಗೆ ಕೂರಿಸಿದ ಕಣ್ಣು

“ನಮ್ ತಾತನ್ ಮುಖ ಒಂದ್ ಸರಿ ಮಾಡ್ಕೊಡಪ್ಪ, ಸಾಕು. ಪಕ್ದಲ್ಲಿ ನಿಂತವ್ಳಲ್ಲ, ಅವ್ಳ ಕಣ್ ಮಾತ್ರ ಮುಟ್ಬೇಡ,” ಎಂದರು ಬೂಕನಕೆರೆಯ ಪುಟ್ಟತಾಯಮ್ಮ.

ಶಶಾಂಕ ಹಳೇ ಪಟವನ್ನು ಬೆಳಕಿಗೆ ಹಿಡಿದ. ಕುರ್ಚಿಯಲ್ಲಿ ಪೇಟದ ಗಂಡಸು. ಪಕ್ಕದಲ್ಲಿ ಒಬ್ಬ ಹೆಂಗಸು. ಅವಳ ಕಣ್ಣುಗಳ ಜಾಗದಲ್ಲಿ ಯಾರೋ ಸೂಜಿಯಿಂದ ಚುಚ್ಚಿ ಚುಚ್ಚಿ ತೂತು ಮಾಡಿದ್ದರು.

“ಯಾರಜ್ಜಿ ಇವರು?”

“ತಾತನ್ ಎರಡನೇ ಹೆಂಡ್ರು, ಚಿಕ್ಕಬೋರಮ್ಮ. ಮಾಟ ಕಲ್ತಿದ್ಳು. ಸತ್ಮೇಲೂ ಈ ಪಟದಿಂದ ನೋಡೋಳು ಕಣಪ್ಪ, ನೋಡಿದ್ ಮನೆ ಉಳೀತಿರ್ಲಿಲ್ಲ. ಮಂತ್ರವಾದಿ ಕರ್ಸಿ ಚುಚ್ಚಿಸ್ದೋ. ತಾತಂದು ಇದೊಂದೇ ಪಟ, ಅದ್ಕೇ ಸುಟ್ಟಿಲ್ಲ.”

“ಕಂಪ್ಯೂಟರಿಗೆ ಯಾವ ಮಾಟಾನೂ ತಟ್ಟಲ್ಲ, ಬಿಡಿ ಅಜ್ಜಿ,” ಎಂದು ಅವನು ಗಹಗಹಿಸಿ ನಕ್ಕ. ಮೈಸೂರಿನಿಂದ ಬಂದು ಕೆ.ಆರ್.ಪೇಟೆಯಲ್ಲಿ ಸ್ಟುಡಿಯೋ ಇಟ್ಟು ಇನ್ನೂ ವರ್ಷ ತುಂಬಿಲ್ಲ, ಧಿಮಾಕು ನೋಡಿ!

ಅಜ್ಜಿ ಹೋದ ಮೇಲೆ ಪಟವನ್ನು ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿಕೊಂಡ. ತಾತನ ಮುಖ ಸಲೀಸಾಗಿ ಸರಿಹೋಯಿತು. ಅಷ್ಟಕ್ಕೇ ಬಿಡಬಾರದಿತ್ತೇ? ಪಕ್ಕದ ಕುರುಡು ಮುಖ ಅವನನ್ನು ಕೆಣಕುತ್ತಲೇ ಇತ್ತು. ಹಾಳಾದ ಕಣ್ಣಿಗೆ ಬೇರೆ ಫೋಟೋದಿಂದ ಕಣ್ಣು ಕತ್ತರಿಸಿ ಕೂರಿಸುವುದು ಈ ಕೆಲಸದಲ್ಲಿ ವಾಡಿಕೆ. ಅಂಥದೇ ಓರೆ ಮುಖ, ಅಂಥದೇ ಬೆಳಕು ಸಿಕ್ಕಿದ್ದು ಅವನ ಹೆಂಡತಿ ರಮ್ಯಳ ಫೋಟೋದಲ್ಲಿ. ಆ ಕಣ್ಣುಗಳನ್ನೇ ತಂದು ಕೂರಿಸಿ, ಬಣ್ಣ ತೆಗೆದು ಮಾಸಲು ಮಾಡಿದ.

ಚಿಕ್ಕಬೋರಮ್ಮ ಅವನನ್ನೇ ನೋಡಿದಳು.

ಕೂದಲು ಸುಟ್ಟ ನಾತ ಮೂಗಿಗೆ ಅಡರಿತು. ಅದರ ಹಿಂದೆಯೇ ಕೊಳೆತ ನಿಂಬೆಹಣ್ಣಿನ ಹುಳಿ ವಾಸನೆ. ಫ್ಯಾನು ತಿರುಗುತ್ತಿತ್ತು, ಗಾಳಿಯೇ ಇರಲಿಲ್ಲ. ಸ್ಟುಡಿಯೋದ ಹಿಂದಿನ ಮನೆಯಲ್ಲಿ ಪಾತ್ರೆ ಬಿದ್ದು ಉರುಳಿತು.

“ರೀ, ಕರೆಂಟ್ ಹೋಯ್ತಾ? ಏನೂ ಕಾಣ್ತಿಲ್ವಲ್ಲ!”

ಹೊರಗೆ ಮಟಮಟ ಮಧ್ಯಾಹ್ನ. ಶಶಾಂಕ ಓಡಿದ. ರಮ್ಯ ಗೋಡೆ ತಡಕಾಡುತ್ತಿದ್ದಳು. ಅವಳ ಕಣ್ಣು ಅಗಲವಾಗಿ ತೆರೆದಿತ್ತು, ಅದರಲ್ಲಿ ಕಪ್ಪೇ ಇರಲಿಲ್ಲ.

ಅವನು ವಾಪಸು ಓಡಿ ಪರದೆಯ ಮೇಲಿನ ಪಟದ ಕಣ್ಣನ್ನು ಅಳಿಸಲು ಶುರುಮಾಡಿದ.

“ಅಯ್ಯಯ್ಯೋ! ಚುಚ್ತಾವ್ರೆ ರೀ! ಯಾರೋ ಚುಚ್ತಾವ್ರೆ!”

ಒಳಗಿಂದ ಬಂದ ಚೀರಾಟಕ್ಕೆ ಕೈ ಹಿಂದೆ ಬಂತು. ಅಳಿಸಿದ್ದನ್ನು ಮತ್ತೆ ಮೊದಲಿನಂತೆ ಮಾಡಿ, ಅಜ್ಜಿಗೆ ಫೋನು ಹಚ್ಚಿ ನಡೆದದ್ದನ್ನೆಲ್ಲ ಹೇಳಿದ.

“ಕಣ್ ಇಟ್ಬುಟ್ಯಾ?” ಅಜ್ಜಿಯ ದನಿ ಉಡುಗಿಹೋಗಿತ್ತು. “ಅಳಿಸ್ಬೇಡ ಕಣಪ್ಪ, ಅವೀಗ ನಿನ್ನೆಂಡ್ರು ಕಣ್ಣು. ಅವ್ಳು ಸುಮ್ಕೆ ಬುಡಾಕಿಲ್ಲ. ಬೇರೆ ಜೋಡಿ ಕಣ್ ಕೊಟ್ರೆ ಇವುನ್ನ ಬುಡ್ತಾಳೆ.”

“ಬೇರೆ ಯಾರದ್ದು ಕೊಡಲಿ ಅಜ್ಜಿ?”

ಅಜ್ಜಿ ಫೋನು ಇಟ್ಟುಬಿಟ್ಟರು.

ಕಂಪ್ಯೂಟರಿನ ತುಂಬ ಊರವರ ಮುಖಗಳು. ಮದುಮಕ್ಕಳು, ಮುದುಕರು, ಹಾಲ್ ಟಿಕೆಟ್ಟಿಗೆ ಫೋಟೋ ತೆಗೆಸಿದ ಒಬ್ಬ ಹುಡುಗಿ. ಆ ಹುಡುಗಿಯ ಮೇಲೆ ಅವನ ಬೆರಳು ನಿಂತಿತು. ಯಾರಿಗೆ ಗೊತ್ತಾಗುತ್ತದೆ? ಒಳಗೆ ರಮ್ಯ ನರಳಿದಳು. ಹುಡುಗಿ ಹಲ್ಲು ಬಿಟ್ಟು ನಗುತ್ತಿದ್ದಳು. ಥೂ, ನನ್ನ ಜನ್ಮಕ್ಕಿಷ್ಟು!

ತನ್ನ ಫೋಟೋ ತೆರೆದ. ಕತ್ತರಿಸಿದ. ಎಳೆದ. ಕೂರಿಸಿದ.

“ಕಾಣ್ತೈತೆ! ರೀ, ಕಾಣ್ತೈತೆ ರೀ!” ರಮ್ಯ ಅಳುತ್ತ ನಗುತ್ತ ಓಡಿಬಂದಳು. ಬಾಗಿಲ ಹತ್ತಿರ ಅವಳ ಹೆಜ್ಜೆ ನಿಂತುಹೋಯಿತು.

“ನಾನ್ ಇಲ್ಲಿದ್ದೀನಿ ಕಣ್ರೀ. ಅತ್ಲಾಗ್ಯಾಕೆ ಕೈ ಚಾಚ್ತಿದ್ದೀರ?”