ಕರಡಿ ನೆಕ್ಕಿದ ಓಲೆಮನೆ

ಈಗಿನ ಮಾತಲ್ಲ, ಬಹಳ ಹಿಂದಿನದು. ಕಣಗಿಲೆಪುರ ಅಂತೊಂದು ರಾಜ್ಯ. ಅಲ್ಲೊಂದು ಮಹಾವಿದ್ಯಾಪೀಠ, ಪೀಠಕ್ಕೊಂದು ಓಲೆಮನೆ. ಏಳು ಅಂತಸ್ತು, ತುಂಬ ತಾಳೆಗರಿಯ ಗ್ರಂಥಗಳು. ಪಂಡಿತರು ಏನಾದರೂ ಹೊಸದು ಕಂಡುಕೊಂಡರೆ ಸಂತೆಯಲ್ಲಿ ಡಂಗುರ: “ಕೇಳ್ರಪ್ಪೋ ಕೇಳ್ರಿ! ಚಳಿಜ್ವರಕ್ಕೆ ಬೇರು ಯಾವುದು ಅಂತ ಓಲೆಮನೆಯಲ್ಲಿ ಸಿಕ್ಕಿದೆ!” ಈ ಸುದ್ದಿಗಳನ್ನು ಕೇಳಿ ಕೇಳಿ ಜನ ಜಟ್ಟಂಗಿ ಮಾಯಾವಿಯ ತಾಯಿತ ಕೊಳ್ಳೋದನ್ನೇ ಬಿಟ್ಟರು.

ಜಟ್ಟಂಗಿಗೆ ಹೊಟ್ಟೆ ಉರಿಯಿತು. ತನ್ನ ಮಾಯದ ಕರಡಿಯನ್ನು ಓಲೆಮನೆಗೆ ನುಗ್ಗಿಸಿದ. ಅದರ ನಾಲಿಗೆ ಏಳು ಮೊಳ. ಒಂದೇ ಬೆಳಗಿನಲ್ಲಿ ಏಳು ಅಂತಸ್ತಿನ ಅಕ್ಷರವನ್ನೆಲ್ಲ ನೆಕ್ಕಿ ಹಾಕಿತು. ಓಲೆಗಳೆಲ್ಲ ಬೋಳು! ಸುದ್ದಿ ಕೇಳಿ ರಾಜ ಓಡಿಬಂದ.

“ರಾಜಾ,” ಅಂದ ಜಟ್ಟಂಗಿ, “ಹೊತ್ತು ಮುಳುಗೋದರೊಳಗೆ ಒಂದೇ ಒಂದು ಓಲೆ ಓದಿಸು. ಓದಿದರೆ ನನ್ನ ಮಾಯೆ ನನಗೇ ತಿರುಗಲಿ. ಇಲ್ಲದಿದ್ದರೆ ಓಲೆಮನೆ ನನ್ನದು. ಓದಿಸೋಕೆ ಬಂದು ಸೋತವರು ಹಲ್ಲಿಯಾಗಲಿ!”

ಹಿರಿಯ ಪಂಡಿತರು ಮಂತ್ರ ಹೇಳಿದರು, ಓಲೆಗೆ ಹಾಲೆರೆದರು. ಒಂದಕ್ಷರ ಏಳಲಿಲ್ಲ. ಲೊಚಗುಟ್ಟುತ್ತಾ ಗೋಡೆ ಹತ್ತಿದರು, ಹಲ್ಲಿಯಾಗಿ.

ಓಲೆಗಳಿಗೆ ಎಣ್ಣೆ, ಮಸಿ ಸವರುವ ಸಂಕವ್ವ ಮೂಲೆಯಲ್ಲಿದ್ದಳು. ಹನ್ನೆರಡು ವರ್ಷದಿಂದ ಅದೇ ಅವಳ ಕೆಲಸ. ಒಂದು ಓಲೆ ಎತ್ತಿ ಹೆಬ್ಬೆರಳು ಆಡಿಸಿದಳು. ಸಣ್ಣ ಸಣ್ಣ ಗೀರು ತಗುಲಿತು. ಅವಳಿಗೆ ನಗು ಬಂತು.

“ಬುದ್ಧಿ, ಅಕ್ಷರ ಎಲ್ಲೂ ಹೋಗಿಲ್ಲ. ಕಬ್ಬಿಣದ ಮೊನೆಯಲ್ಲಿ ಕೊರೆದದ್ದು ಎಲ್ಲಿ ಹೋಗುತ್ತೆ? ಕರಡಿ ನೆಕ್ಕಿದ್ದು ನಾನು ತುಂಬಿದ ಮಸಿಯನ್ನ.”

“ಎಣ್ಣೆ ಸವರೋಳಿಗೆ ಎಷ್ಟು ಬಾಯಿ!” ಅಂದ ಕಿರಿಯ ಪಂಡಿತ.

“ಓದೋರು ಒಂದು ದಿನವಾದರೂ ಸವರಿದ್ದರೆ ಗೊತ್ತಿರುತ್ತಿತ್ತು, ಸ್ವಾಮಿ.”

“ಮಗಳೇ, ಸೋತರೆ ನೀನೂ ಹಲ್ಲಿ,” ಅಂದ ರಾಜ.

“ಆಗಲಿ ಬುದ್ಧಿ. ಗೋಡೆಯಾದರೂ ಓಲೆಮನೆಯದೇ ತಾನೆ?”

ಕಾಡಿಗೆಗೆ ಎಳ್ಳೆಣ್ಣೆ ಕಲಸಿ ಸವರಿದಳು. ಅಕ್ಷರ ಇಣುಕುವಷ್ಟರಲ್ಲಿ ಕರಡಿ ಸುರ್ರಂತ ನೆಕ್ಕಿತು. ಹರಳೆಣ್ಣೆ ಕಲಸಿ ಸವರಿದಳು. ಅದನ್ನೂ ಸುರ್ರಂತ ನೆಕ್ಕಿತು. ಹೊತ್ತು ಗುಡ್ಡಕ್ಕೆ ತಾಗಿತು. ಜಟ್ಟಂಗಿ ತೊಡೆ ತಟ್ಟಿ ನಕ್ಕ.

ಮೂರನೆಯ ಸಲ ಸಂಕವ್ವ ಹುಳ ಓಡಿಸುವ ಬೇವಿನೆಣ್ಣೆ ಸುರಿದು ಕಲಸಿ ಸವರಿದಳು. “ನೆಕ್ಕಪ್ಪಾ, ನೆಕ್ಕು!” ಕರಡಿ ನಾಲಿಗೆ ಚಾಚಿತು. ಥೂ ಅಂತ ಉಗಿಯಿತು, ಮುಖ ಕಿವುಚಿಕೊಂಡು ಏಳು ಮೊಳದ ನಾಲಿಗೆ ಎಳೆದುಕೊಂಡು ಓಡಿತು.

ಸಂಕವ್ವ ಬಟ್ಟೆಯಲ್ಲಿ ಓಲೆ ಒರೆಸಿದಳು. ಕೊರೆದ ಗೀರಲ್ಲಿ ಮಸಿ ನಿಂತು ಅಕ್ಷರಗಳು ಕರ್ರಗೆ ಎದ್ದವು. ಅವಳು ಗಟ್ಟಿಯಾಗಿ ಓದಿದಳು: “ಹೆಜ್ಜೇನು ಕಡಿದವರಿಗೆ ಮೊದಲು ಮುಳ್ಳು ಕೀಳತಕ್ಕದ್ದು.”

“ನಿನಗೆ ಓದಲು ಕಲಿಸಿದವರು ಯಾರೇ?” ಅಂತ ಕಿರುಚಿದ ಜಟ್ಟಂಗಿ.

“ಹನ್ನೆರಡು ವರ್ಷ ಪಂಡಿತರು ಓದೋದು ಕೇಳ್ತಾ ಮಸಿ ಸವರೋವಾಗ ನಾನೇನು ಕಣ್ಣು ಮುಚ್ಚಿಕೊಂಡಿದ್ದೆನೇ?”

ಅಷ್ಟೇ. ಮಾಯೆ ತಿರುಗಿತು. ಜಟ್ಟಂಗಿ ಹಲ್ಲಿಯಾಗಿ ಬಿರುಕು ಸೇರಿದ. ಹಿರಿಯ ಪಂಡಿತರು ಗೋಡೆಯಿಂದ ದೊಪ್ಪನೆ ಬಿದ್ದು ಮನುಷ್ಯರಾದರು.

“ಏನು ಬೇಕು ಕೇಳಮ್ಮ,” ಅಂದ ರಾಜ.

“ವಾರಕ್ಕೊಂದು ದಿನ ಪಂಡಿತರೂ ನನ್ನ ಜೊತೆ ಕೂತು ಮಸಿ ಸವರಲಿ, ಬುದ್ಧಿ.”

ಹಾಗೇ ಆಯಿತು. ಅಂದಿನಿಂದ ಕಣಗಿಲೆಪುರದ ಪಂಡಿತರು ಯಾವ ದೇಶದ ಸಭೆಗೆ ಹೋದರೂ ಮೊದಲು ಬೆರಳು ತೋರಿಸುತ್ತಿದ್ದರು. ಕಪ್ಪು ಬೆರಳು ಕಂಡರೆ ಸಭೆಗೆ ಸಭೆಯೇ ಎದ್ದು ನಿಲ್ಲುತ್ತಿತ್ತು. ಅವರೆಲ್ಲ ಓದಿಕೊಂಡು ಸುಖವಾಗಿದ್ದರು, ನಾವು ಕೇಳಿಕೊಂಡು ಸುಖವಾಗಿದ್ದೇವೆ.